ಮಣೆಯ ಮೇಲೆ ಕೂತ ಪೆಟ್ಟಿಗೆ

ತಿರುಮಲರಾಯರು ಸುಳ್ಳು ಹೇಳುವ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಮುಂದೆ ನಡೆದದ್ದನ್ನು ಓದಿದವರಿಗೆ ಬೇರೆ ಅಭಿಪ್ರಾಯ ಬರುವ ಸಂಭವ ಇದೆ. ಅವರು ಆಗಾಗ ನಿಜಕ್ಕೆ ಸ್ವಲ್ಪ ಇಸ್ತ್ರಿ ಹಾಕುತ್ತಿದ್ದರು, ಅಷ್ಟೆ. ಮದರಾಸಿನ ಕೀಲ್ಪಾಕಿನ ಮೂರನೇ ಮಹಡಿಯ ಆ ಮನೆಯಲ್ಲಿ ಎಂಬತ್ತಮೂರು ವರ್ಷದ ತಾಯಿ, ಮಾತಿಗೆ ಮಾತು ಕೊಡುವ ಹೆಂಡತಿ, ಕಂಪ್ಯೂಟರ್ ಓದಿದ ಮಗಳು, ಈ ಮೂವರ ನಡುವೆ ರಿಟೈರಾದ ಗಂಡಸೊಬ್ಬ ನೆಮ್ಮದಿಯಾಗಿ ಬದುಕಬೇಕಾದರೆ ಸುಕ್ಕುಗಟ್ಟಿದ ನಿಜವನ್ನು ಹಾಗೇ ಉಟ್ಟುಕೊಂಡು ಓಡಾಡಲು ಆಗುವುದಿಲ್ಲ.

ಉದಾಹರಣೆಗೆ, ಪ್ರತಿ ಗುರುವಾರ ಸಂಜೆ ಮಠಕ್ಕೆ ಹೋಗಿ ಬರುತ್ತೇನೆಂದು ಹೇಳಿ ಹೊರಡುತ್ತಿದ್ದರು. ಮಠಕ್ಕೆ ಹೋಗುತ್ತಿದ್ದುದು ನಿಜ. ಬರುವಾಗ ಆಸ್ಪತ್ರೆ ರಸ್ತೆಯ ಮೂಲೆಯ ಟೀ ಅಂಗಡಿಯಲ್ಲಿ ನಿಂತು ಎರಡು ಈರುಳ್ಳಿ ವಡೆ ತಿನ್ನುತ್ತಿದ್ದುದೂ ನಿಜ. ಈರುಳ್ಳಿ ಹೊಸಿಲು ದಾಟಿ ಬಾರದ ಮನೆ ಅದು. ತಾಯಿ ಕೇಳಿದಾಗ ರಾಯರು ಮೊದಲನೆಯ ನಿಜವನ್ನು ಮಾತ್ರ ಹೇಳುತ್ತಿದ್ದರು.

ಪೆಟ್ಟಿಗೆಯ ವಿಷಯವೂ ಹೀಗೇ ಶುರುವಾಯಿತು.

ಮಗಳು ಸುಮೇಧಾ ಶೋಳಿಂಗನಲ್ಲೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಆ ಕಂಪನಿ 'ಉತ್ತರವಾಣಿ' ಅಂತ ಒಂದು ಆ್ಯಪ್ ಮಾಡಿತ್ತು. ಹಬ್ಬ, ವ್ರತ, ತಿಥಿ, ಅಡುಗೆ, ಏನು ಬೇಕಾದರೂ ಫೋನಿಗೆ ಕೇಳಿ, ಅದು ಕನ್ನಡದಲ್ಲೋ ತಮಿಳಿನಲ್ಲೋ ಮನುಷ್ಯನ ಹಾಗೇ ಮಾತಾಡಿ ಉತ್ತರ ಕೊಡುತ್ತಿತ್ತು. ಸುಮೇಧಾ ಅದನ್ನು ಅಜ್ಜಿಗೆ ತೋರಿಸಿದಳು. ಗೋದಾಬಾಯಿಯವರು ಎರಡು ಮಾರು ದೂರದಲ್ಲಿ ಕೂತು ಅದನ್ನು ಹೊಸ ಅಡುಗೆಯವನನ್ನು ನೋಡುವ ಹಾಗೆ ನೋಡಿದರು.

"ಯಾರೇ ಅದು ಮಾತಾಡೋದು? ಯಾವೂರೋನು? ಸ್ನಾನ ಮಾಡಿ ಕೂತಿದಾನೋ ಇಲ್ವೋ?"

"ಅಜ್ಜಿ, ಅದು ಆಳೇ ಕಿಡೆಯಾದು, ಮನುಷ್ಯನೇ ಅಲ್ಲ. ಮುಂಬೈನಲ್ಲಿ ಒಂದು ದೊಡ್ಡ ಬಿಲ್ಡಿಂಗ್, ಅದರೊಳಗೆ ಪೂರಾ ಮೆಷಿನ್," ಎಂದು ಸುಮೇಧಾ ಶುರುಮಾಡಿದಳು.

ಮುಂಬೈ ಎಂದ ಕೂಡಲೇ ತಾಯಿಯ ಹುಬ್ಬು ಮೇಲೆ ಹೋದದ್ದನ್ನು ರಾಯರು ನೋಡಿದರು. ತಾಯಿಗೆ ಕಣ್ಣು ಮಸುಕಾಗಿ ಓದಲು ಆಗುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ "ಇವತ್ತು ಯಾವ ತಿಥಿಯೋ" ಎಂದು ಕೇಳುತ್ತಿದ್ದರು, ಅದಕ್ಕೆ ಉತ್ತರ ಹೇಳುವ ಉದ್ಯೋಗ ರಾಯರದಾಗಿತ್ತು. ಆ ಉದ್ಯೋಗದಿಂದಲೂ ರಿಟೈರಾಗುವ ಆಸೆ ಅವರಿಗೆ ಬಹಳವಾಗಿತ್ತು. ಆದ್ದರಿಂದ ಮಗಳ ಮಾತನ್ನು ಅರ್ಧಕ್ಕೇ ಕತ್ತರಿಸಿ, ಬಾಗಿಲ ಬಳಿ ಇದ್ದ ಇಂಟರ್ನೆಟ್ಟಿನ ಬಿಳಿ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

"ಫೋನು ಬರೀ ಬಾಯಿ ಅಮ್ಮ. ಬುದ್ಧಿಯೆಲ್ಲಾ ಈ ಪೆಟ್ಟಿಗೆಯೊಳಗಿದೆ. ನಮ್ಮ ಮನೇದೇ. ಹೊರಗಿನವರು ಯಾರೂ ಮುಟ್ಟೋದಿಲ್ಲ."

ಗೋದಾಬಾಯಿ ಪೆಟ್ಟಿಗೆಯನ್ನು ನೋಡಿದರು. ಅದರ ನಾಲ್ಕು ಹಸಿರು ದೀಪ ಮಿಣಿಮಿಣಿ ಅನ್ನುತ್ತಿತ್ತು. ಆಮೇಲೆ ಅದರ ಕೆಳಗೆ ನೋಡಿದರು.

"ಚಪ್ಪಲಿ ಗೂಡಿನ ಮೇಲೆ ಕೂಡ್ಸಿದೀಯಲ್ಲೋ ಅದನ್ನ?"

ಆ ದಿನವೇ ಪೆಟ್ಟಿಗೆಗೆ ಸ್ಥಳಾಂತರವಾಯಿತು. ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ, ರಾಯರು ಊಟಕ್ಕೆ ಕೂರುತ್ತಿದ್ದ ಹಲಸಿನ ಮಣೆಯ ಮೇಲೆ ಅದನ್ನು ಪೂರ್ವಾಭಿಮುಖವಾಗಿ ಕೂರಿಸಲಾಯಿತು. ರಾಯರು ಅಂದಿನಿಂದ ಪ್ಲಾಸ್ಟಿಕ್ ಚಾಪೆಯ ಮೇಲೆ ಊಟ ಮಾಡತೊಡಗಿದರು. ಸುಮೇಧಾಳ ಕೋಣೆಗೆ ಸಿಗ್ನಲ್ ಬರುವುದು ನಿಂತಿತು. ಅವಳು ಆಫೀಸಿನ ಮೀಟಿಂಗುಗಳನ್ನು ದೇವರ ಕೋಣೆಯ ಹತ್ತಿರ ಕೂತು ಮಾಡುವ ಹಾಗಾಯಿತು, ಅದೂ ಸ್ನಾನ ಮಾಡಿ.

ಪೆಟ್ಟಿಗೆಯ ಕೀರ್ತಿ ಹಬ್ಬಲು ಹೆಚ್ಚು ದಿನ ಹಿಡಿಯಲಿಲ್ಲ. ಮೊದಲ ಭಕ್ತ ಕೆಳಗಿನ ಮಹಡಿಯಲ್ಲಿದ್ದ ಸುಜಯೀಂದ್ರ. ಇವನು ರಾಯರ ಹೆಂಡತಿ ಜಯಲಕ್ಷ್ಮೀಯವರ ತಮ್ಮ. ದೇವರಲ್ಲಿ ಭಕ್ತಿ, ಊಟದಲ್ಲಿ ಅದಕ್ಕಿಂತ ಒಂದು ತೂಕ ಹೆಚ್ಚು ಭಕ್ತಿ. ಇವನು ಮಠದಲ್ಲಿ ಸುದ್ದಿ ಹೇಳಿದ. ಮಠದವರು ಬಂದು ನೋಡಿ ಹೋದರು. ಒಬ್ಬಾಕೆ ಪೆಟ್ಟಿಗೆಯ ಮುಂದೆ ಎರಡು ಬಾಳೆಹಣ್ಣು ಇಟ್ಟು ಹೋದರು. ರಾಯರು ಅವನ್ನು ತಿಂದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತುಳಸಿ ಪೂಜೆಯ ದಿನ ಮನೆ ತುಂಬ ಜನ ಇದ್ದಾಗ ರಾಯರಿಗೆ ಉತ್ಸಾಹ ಬಂತು. ಗೋಡೆಗೆ ನೇತುಹಾಕಿದ್ದ ಮಠದ ಪಂಚಾಂಗವನ್ನು ತೆಗೆದು, ತಟ್ಟೆಯಲ್ಲಿಟ್ಟು, ಪುರೋಹಿತರಾದ ಗುರುಚರಣಾಚಾರ್ಯರಿಗೆ ಕೊಟ್ಟುಬಿಟ್ಟರು.

"ಆಚಾರ್ರೇ, ಇದು ಹೋದ ವರ್ಷ ಲೆಕ್ಕ ಹಾಕಿ ಅಚ್ಚು ಮಾಡಿದ್ದು. ನಮ್ಮ ಪೆಟ್ಟಿಗೆ ಈ ಕ್ಷಣ ಲೆಕ್ಕ ಹಾಕತ್ತೆ. ಅದೂ ನಮ್ಮ ಮನೆ ಸೂರ್ಯೋದಯಕ್ಕೆ. ಈ ಮನೆಗೆ ಇನ್ನು ಪಂಚಾಂಗ ಬೇಡ."

ಆಚಾರ್ಯರು ಮೂವತ್ತು ವರ್ಷದಿಂದ ಆ ಕಟ್ಟಡದ ಮಾಧ್ವರಿಗೆಲ್ಲ ಫೋನಿನಲ್ಲೇ ತಿಥಿ ಹೇಳಿಕೊಂಡು ಬಂದವರು. ಅವರು ಪಂಚಾಂಗವನ್ನು ನಿಧಾನವಾಗಿ ಚೀಲಕ್ಕೆ ಹಾಕಿಕೊಂಡರು.

"ಬಹಳ ಸಂತೋಷ. ಇನ್ಮೇಲೆ ಪಾರಣೆ ಎಷ್ಟು ಗಂಟೆಗೆ ಅಂತ ನನಗೆ ಫೋನ್ ಮಾಡೋ ಶ್ರಮ ನಿಮಗೆ ಬೇಡ," ಎಂದರು. ಅಂದಿನಿಂದ ಅವರು ರಾಯರ ಫೋನ್ ತೆಗೆಯುವುದನ್ನು ಬಿಟ್ಟರು.

ವೈಕುಂಠ ಏಕಾದಶಿಗೆ ನಾಲ್ಕು ದಿನ ಮುಂಚೆ, ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸುಮೇಧಾಳ ಮುಖ ಸಪ್ಪಗಿತ್ತು. ಏನೆಂದು ರಾಯರು ಕೇಳಿದರು. ಅವಳು ಅಜ್ಜಿ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು ಹೇಳಿದಳು.

"ದ್ವಾದಶಿ ಬೆಳಿಗ್ಗೆ ಪ್ರಾಬ್ಲಮ್ ಅಪ್ಪಾ. ಊರಿಗೂರೇ ಒಂದೇ ಟೈಮಿಗೆ 'ಪಾರಣೆ ಎಷ್ಟು ಗಂಟೆಗೆ' ಅಂತ ಕೇಳತ್ತೆ. ನಮ್ಮ ಮುಂಬೈ ಸರ್ವರಿಗೆ ಒಂದು ನಿಮಿಷಕ್ಕೆ ಇಷ್ಟೇ ಪ್ರಶ್ನೆ ಅಂತ ಲಿಮಿಟ್ ಇದೆ. ಅದರ ಮೇಲೆ ಬಂದರೆ 'ಆಮೇಲೆ ಬನ್ನಿ' ಅಂತ ವಾಪಸ್ ಕಳಿಸಿಬಿಡತ್ತೆ."

"ಹಾಗಾದ್ರೆ ಏನು ಮಾಡ್ತೀರಿ?"

"ರೂಟ್ ಮಾಡ್ತೀವಿ. ಮುಂಬೈ ತುಂಬಿದರೆ ಪ್ರಶ್ನೆ ತಾನಾಗೇ ಬೇರೆ ಊರಿಗೆ ಹೋಗತ್ತೆ. ಸಿಂಗಪುರ, ಟೋಕಿಯೋ, ಅಮೆರಿಕಾ, ಎಲ್ಲಿ ಜಾಗ ಖಾಲಿಯೋ ಅಲ್ಲಿಗೆ. ಉತ್ತರ ಎರಡು ಸೆಕೆಂಡಲ್ಲಿ ವಾಪಸ್ ಬರತ್ತೆ. ಕೇಳಿದವರಿಗೆ ಗೊತ್ತೇ ಆಗಲ್ಲ."

ರಾಯರು ಸ್ವಲ್ಪ ಹೊತ್ತು ಸಾರನ್ನವನ್ನು ಕಲಸುತ್ತ ಯೋಚಿಸಿದರು. ಆಮೇಲೆ ಅವರ ಮುಖ ಬೆಳಗಿತು.

"ಅಂದ್ರೆ ಛತ್ರದ ಊಟದ ಹಾಗೆ. ಕೆಳಗಿನ ಹಾಲ್ ತುಂಬಿದರೆ ಮೇಲಿನ ಹಾಲಿಗೆ ಕಳಿಸ್ತಾರಲ್ಲ. ಅಡುಗೆ ಒಂದೇ, ಬಡಿಸೋ ಜಾಗ ಬೇರೆ."

"ಕರೆಕ್ಟ್ ಅಪ್ಪಾ," ಎಂದಳು ಸುಮೇಧಾ. ಅಪ್ಪ ಒಂದೇ ಸಲಕ್ಕೆ ಏನನ್ನಾದರೂ ಅರ್ಥ ಮಾಡಿಕೊಂಡದ್ದು ಅವಳ ನೆನಪಿನಲ್ಲಿ ಅದೇ ಮೊದಲು.

ಆದರೆ ಮಜ್ಜಿಗೆಯ ಹೊತ್ತಿಗೆ ರಾಯರಿಗೆ ಇನ್ನೊಂದು ವಿಷಯ ಹೊಳೆಯಿತು. "ಸುಮೀ, ಆ ಮೇಲಿನ ಹಾಲ್ ಸಮುದ್ರದ ಆಚೆ ಇದೆ ಅಂತ ಅಜ್ಜಿ ಮುಂದೆ ಉಸಿರೆತ್ತಬೇಡ. ಸಮುದ್ರ ದಾಟಿ ಬಂದೋರ ಕೈಲಿ ತೀರ್ಥ ತಗೊಳ್ಳದ ಹೆಂಗಸು ಅದು. ತನ್ನ ಪ್ರಶ್ನೇನೇ ಸಮುದ್ರ ದಾಟತ್ತೆ ಅಂತ ಗೊತ್ತಾದರೆ ಮುಗೀತು."

ಸುಮೇಧಾ ತಲೆ ಅಲ್ಲಾಡಿಸಿದಳು. ಜಯಲಕ್ಷ್ಮೀಯವರು ಮಜ್ಜಿಗೆ ಬಡಿಸುತ್ತ, "ಒಂದು ದಿನ ಇದೆಲ್ಲ ನಿಮ್ಮ ತಲೆ ಮೇಲೇ ಬರತ್ತೆ ನೋಡಿ," ಎಂದರು. ಅವರು ಮದುವೆಯಾದಾಗಿನಿಂದ ಇದನ್ನು ಹೇಳುತ್ತಿದ್ದರು. ಬಹಳ ಸಲ ನಿಜವೂ ಆಗಿತ್ತು.

ಏಕಾದಶಿ ಕಳೆಯಿತು. ಗೋದಾಬಾಯಿಯವರು ಎಂದಿನಂತೆ ಹನಿ ನೀರೂ ಬಾಯಿಗೆ ಹಾಕಲಿಲ್ಲ. ಮದುವೆಯಾಗಿ ಮದರಾಸಿಗೆ ಬಂದ ವರ್ಷದಿಂದ ಅರವತ್ತೆರಡು ವರ್ಷ ಅವರು ಹೀಗೇ ಮಾಡಿಕೊಂಡು ಬಂದಿದ್ದರು. ಏಕಾದಶಿ ದಿನ ಉಪವಾಸ ಇದ್ದರೆ ಅರ್ಧ ಆದಂತೆ. ಮರುದಿನ, ದ್ವಾದಶಿ ತಿಥಿ ಮುಗಿಯುವುದರೊಳಗೆ, ತೀರ್ಥ ತೆಗೆದುಕೊಂಡು ಊಟ ಮಾಡಿದರೆ ಮಾತ್ರ ಅದು ಪೂರ್ತಿ. ಅದಕ್ಕೇ ಪಾರಣೆ ಎನ್ನುವುದು. ಹೊತ್ತು ಮೀರಿದರೆ ಹಿಂದಿನ ದಿನದ ಉಪವಾಸವೆಲ್ಲ ನೀರಿನಲ್ಲಿ ಹೋಮ. ಅರವತ್ತೆರಡು ವರ್ಷದಲ್ಲಿ ಗೋದಾಬಾಯಿ ಒಂದೇ ಒಂದು ಪಾರಣೆ ತಪ್ಪಿಸಿರಲಿಲ್ಲ. ಬಾಣಂತಿಯಾಗಿದ್ದಾಗಿನ ಲೆಕ್ಕವನ್ನು ಅಂದಿನ ಆಚಾರ್ಯರು ಮನ್ನಾ ಮಾಡಿದ್ದರು.

ದ್ವಾದಶಿ ಬೆಳಿಗ್ಗೆ ಆರು ಗಂಟೆಗೆ ಜಯಲಕ್ಷ್ಮೀಯವರ ಅಡುಗೆ ಮುಗಿದಿತ್ತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಕಡಲೆಬೇಳೆ ಬೆಲ್ಲದ ಹಯಗ್ರೀವ. ಸುಜಯೀಂದ್ರ ಹೆಂಡತಿ ತವರಿಗೆ ಹೋಗಿದ್ದರಿಂದ ಅಕ್ಕನ ಮನೆಯಲ್ಲೇ ಪಾರಣೆಗೆ ಬಂದು, ಎಲೆ ಹಾಕುವ ಜಾಗದಲ್ಲಿ ಐದೂಮುಕ್ಕಾಲಿಗೇ ಕೂತಿದ್ದ. ಸುಮೇಧಾ ಆಫೀಸಿನ ಕ್ಯಾಬ್ ಹತ್ತಿ ನಾಲ್ಕಕ್ಕೇ ಹೊರಟುಹೋಗಿದ್ದಳು.

ಗೋದಾಬಾಯಿ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಪೆಟ್ಟಿಗೆಯ ಎದುರು ದೂರದಲ್ಲಿ ಕೂತರು. ರಾಯರು ಫೋನನ್ನು ಪೆಟ್ಟಿಗೆಗೆ ಒರಗಿಸಿ ಇಟ್ಟರು.

"ಇವತ್ತು ಪಾರಣೆ ಎಷ್ಟು ಹೊತ್ತಿಗಪ್ಪಾ?" ಎಂದು ಗೋದಾಬಾಯಿ ಕೇಳಿದರು.

ಪೆಟ್ಟಿಗೆ ಎಂದೂ ಇಲ್ಲದಷ್ಟು ಹೊತ್ತು ಯೋಚಿಸಿತು. ಆಮೇಲೆ ಇಂಪಾದ ದನಿಯಲ್ಲಿ ಹೇಳಿತು: "ನಮಸ್ಕಾರ. ಇವತ್ತು ಏಕಾದಶಿ. ಇವತ್ತು ಉಪವಾಸ. ಪಾರಣೆ ನಾಳೆ ಬೆಳಿಗ್ಗೆ. ಹರೇ ಶ್ರೀನಿವಾಸ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

"ಇನ್ನೊಂದ್ಸಲ ಕೇಳಿ ಅಮ್ಮ," ಎಂದ ಸುಜಯೀಂದ್ರ. ಇನ್ನೊಂದು ಸಲ ಕೇಳಿದರು. ಪೆಟ್ಟಿಗೆ ಇನ್ನೂ ಇಂಪಾಗಿ ಅದನ್ನೇ ಹೇಳಿತು.

ಬೇರೆ ಯಾರೇ ಆಗಿದ್ದರೂ ಪೆಟ್ಟಿಗೆಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಆದರೆ ಕೆಲವು ಸಲ, ತಿಥಿ ಬೆಳೆದಾಗ, ಉಪವಾಸ ಎರಡು ದಿನ ಬರುವುದುಂಟು. ಅತಿರಿಕ್ತ ಉಪವಾಸ ಅಂತ ಅದಕ್ಕೆ ಹೆಸರೂ ಇದೆ. ಅದು ಅಪರೂಪ, ಅದಕ್ಕೆ ಪುಣ್ಯವೂ ಹೆಚ್ಚು. ಗೋದಾಬಾಯಿಯವರ ಮುಖ ಅರಳಿತು.

"ಅತಿರಿಕ್ತ ಬಂದಿದೆ ಕಣೋ ತಿರುಮಲ. ವೈಕುಂಠ ಏಕಾದಶೀಲಿ ಅತಿರಿಕ್ತ. ಈ ವಯಸ್ಸಲ್ಲಿ ನನಗೆ ಇನ್ನೇನು ಬೇಕು?"

"ನನಗೆ ಬೇಕಾದ್ದು ಬೇರೆ ಇದೆ," ಎಂದು ಸುಜಯೀಂದ್ರ ಹಯಗ್ರೀವದ ಪಾತ್ರೆಯ ಕಡೆ ನೋಡಿದ. ಆಮೇಲೆ ಎದ್ದು ಕೆಳಗೆ ಓಡಿ ತನ್ನ ಮನೆಯ ಪಂಚಾಂಗ ತಂದ. ಏದುಸಿರು ಬಿಡುತ್ತ ಓದಿದ. "ಇಲ್ಲಿ ನೋಡಿ ಅಮ್ಮ. ಇವತ್ತು ದ್ವಾದಶಿ. ಅದೂ ಏಳು ಐವತ್ತರ ತನಕ ಮಾತ್ರ. ಅಷ್ಟರೊಳಗೆ ಪಾರಣೆ ಆಗಲೇಬೇಕು."

"ಅದು ಹೋದ ವರ್ಷ ಲೆಕ್ಕ ಹಾಕಿ ಅಚ್ಚು ಮಾಡಿದ್ದು," ಎಂದರು ಗೋದಾಬಾಯಿ ಶಾಂತವಾಗಿ. "ಪೆಟ್ಟಿಗೆ ಈ ಕ್ಷಣ ಲೆಕ್ಕ ಹಾಕತ್ತೆ. ನಮ್ಮ ಮನೆ ಸೂರ್ಯೋದಯಕ್ಕೆ. ತಿರುಮಲಾನೇ ಹೇಳಿದಾನೆ."

ತಿರುಮಲರಾಯರು ತಮ್ಮ ಮಾತು ತಮಗೇ ಇಷ್ಟು ಚೆನ್ನಾಗಿ ವಾಪಸು ಬರುತ್ತದೆಂದು ತಿಳಿದಿರಲಿಲ್ಲ. ಅವರು ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಮಗಳಿಗೆ ಫೋನ್ ಮಾಡಿದರು. ಐದು ಸಲ ಮಾಡಿದ ಮೇಲೆ ಅವಳು ಎತ್ತಿದಳು. ಹಿಂದೆ ಹತ್ತು ಜನ ಒಟ್ಟಿಗೆ ಮಾತಾಡುವ ಗದ್ದಲ.

"ಸುಮೀ, ಅದು ಇವತ್ತು ಏಕಾದಶಿ ಅಂತಿದೆ."

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡ್ ಬಡಿಯುವ ಸದ್ದು. "ಅಯ್ಯೋ ಅಪ್ಪಾ. ನಿಮ್ಮ ಪ್ರಶ್ನೆ ಅಮೆರಿಕಾಗೆ ಹೋಗಿದೆ. ಮುಂಬೈ ಐದೂವರೆಗೇ ಫುಲ್. ಸಿಂಗಪುರಾನೂ ಫುಲ್. ಅದು ಡೇಟನ್ನ ತಾನಿರೋ ಸರ್ವರಿನ ಗಡಿಯಾರ ನೋಡಿ ತಗೊಂಡಿದೆ. ಅಲ್ಲಿ ಇನ್ನೂ ನಿನ್ನೆ ಸಂಜೆ. ನಾವು ಇದನ್ನ ಟೆಸ್ಟೇ ಮಾಡಿಲ್ಲ."

"ಮೇಲಿನ ಹಾಲಿನ ಗಡಿಯಾರ ಬೇರೆ," ಎಂದರು ರಾಯರು ಮೆಲ್ಲಗೆ.

"ಕರೆಕ್ಟ್ ಅಪ್ಪಾ. ಟೆನ್ಷನ್ ಆಗಾದೀಂಗ, ಗಾಬರಿ ಬೇಡ. ಒಂದು ಗಂಟೆಲಿ ಸರಿ ಮಾಡ್ತೀವಿ. ಅಜ್ಜಿಗೆ ನಿಜ ಹೇಳಿಬಿಡಿ, ಊಟ ಮಾಡಲಿ."

ನಿಜ ಹೇಳಿಬಿಡಿ. ಇಪ್ಪತ್ತಾರು ವರ್ಷದ ಹುಡುಗಿಗೆ ಅದು ಎಷ್ಟು ಸುಲಭ. ರಾಯರು ಒಳಗೆ ಬಂದು ತಾಯಿಯ ಮುಖ ನೋಡಿದರು. ಬುದ್ಧಿ ಈ ಪೆಟ್ಟಿಗೆಯಲ್ಲಿಲ್ಲ, ಎಂದೂ ಇರಲಿಲ್ಲ, ನಿಮ್ಮ ಮಾತು ಎರಡು ತಿಂಗಳಿಂದ ಊರೂರು ಅಲೆಯುತ್ತಿದೆ, ಇವತ್ತು ಸಮುದ್ರವನ್ನೂ ದಾಟಿತು ಎಂದು ಹೇಗೆ ಹೇಳುವುದು? ಅವರು ಬಾಯಿ ತೆರೆದರು. "ಪೆಟ್ಟಿಗೆಗೆ ಇವತ್ತು ಸ್ವಲ್ಪ ಆಯಾಸ ಅಮ್ಮ," ಎಂದರು.

"ಉಪವಾಸ ಅಲ್ವೇನೋ, ಅದಕ್ಕೂ ಇರತ್ತೆ," ಎಂದರು ಗೋದಾಬಾಯಿ ಮರುಕದಿಂದ.

ಗಂಟೆ ಆರೂಮುಕ್ಕಾಲಾಯಿತು. ಬಾಗಿಲು ತಟ್ಟಿದ ಸದ್ದಾಯಿತು. ಎದುರು ಮನೆಯ ಚನ್ನವೀರಪ್ಪ ನಿಂತಿದ್ದರು. ಗದಗಿನ ಕಡೆಯವರು, ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಅವರ ಮನೆಯಲ್ಲಿ ಏಕಾದಶಿ ಇಲ್ಲ, ದ್ವಾದಶಿಯೂ ಇಲ್ಲ.

"ರಾಯರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿನ್ನೆ ನಿಮ್ಮ ಅಮ್ಮಾರು ನೀರು ಸುದ್ದಾ ಕುಡಿದಿಲ್ಲಂತ ನಮ್ಮ ಮನ್ಯಾಕಿ ಒಗ್ಗರಣಿನೇ ಹಾಕಲಿಲ್ಲ. ದೊಡ್ಡವರು ಉಪವಾಸ ಇದ್ದಾಗ ವಾಸನಿ ಹೋಗಬಾರದಂತ. ನಾನೂ ಬರೇ ಮಸರನ್ನ ತಿಂದೇನಿ. ಇವತ್ತು ಮುಂಜಾನೆ ರೊಟ್ಟಿ, ಬದನಿಕಾಯಿ ಅಂದಿದ್ಲು. ಈಗ ನೋಡಿದ್ರ ನಿಮ್ಮ ಮನ್ಯಾಗ ಇವತ್ತೂ ಉಪವಾಸ ಅಂತ ಕೇಳಿ ಗ್ಯಾಸ್ ಬಂದ್ ಮಾಡ್ಯಾಳ. ಖರೇನ ಇವತ್ತೂ ಐತೇನ್ರಿ?"

"ಅದನ್ನೇ ನಾವೂ ಕೇಳ್ತಾ ಇದೀವಿ," ಎಂದ ಸುಜಯೀಂದ್ರ. ಚನ್ನವೀರಪ್ಪ ಒಳಗೆ ಬಂದು ಅವನ ಪಕ್ಕದಲ್ಲಿ ಕೂತರು. ಹಸಿದ ಇಬ್ಬರು ಗಂಡಸರ ನಡುವೆ ಮತಭೇದ ಉಳಿಯಲಿಲ್ಲ.

ಜಯಲಕ್ಷ್ಮೀಯವರು ಗಂಡನನ್ನು ಅಡುಗೆಮನೆಗೆ ಕರೆದರು. ದನಿ ತಗ್ಗಿಸಿ ಹೇಳಿದರು: "ಅತ್ತೆ ತುಟಿ ನೋಡಿದ್ರಾ? ಒಣಗಿ ಬಿರುಕು ಬಿಟ್ಟಿದೆ. ಇನ್ನೊಂದು ದಿನ ನೀರಿಲ್ದೆ ಇದ್ರೆ ಪಕ್ಕದಲ್ಲೇ ಇರೋ ಆಸ್ಪತ್ರೆಗೆ ಎತ್ಕೊಂಡು ಹೋಗ್ಬೇಕಾಗತ್ತೆ. ಅದೂ ಸಾಯ್ಲಿ, ಏಳೈವತ್ತು ದಾಟಿದ ಮೇಲೆ ಇವತ್ತು ದ್ವಾದಶಿ ಅಂತ ಅವರಿಗೆ ಗೊತ್ತಾದ್ರೆ? ಅರವತ್ತೆರಡು ವರ್ಷದ ವ್ರತ ನಿಮ್ಮಿಂದ ಕೆಟ್ಟಿತು ಅಂತಾಗತ್ತೆ. ಹೋಗಿ ಹೇಳ್ರಿ."

ರಾಯರು ಅಡುಗೆಮನೆಯಿಂದ ಹೊರಗೆ ಬಂದರು. ಅವರಿಗೆ ತಾಯಿಯ ಮೇಲೆ ಪ್ರಾಣ. ಆದರೆ ತಾಯಿ ತನ್ನನ್ನು ನಂಬುತ್ತಾಳೆ ಎಂಬ ಒಂದು ಸುಖವನ್ನು ಅರವತ್ತನೇ ವಯಸ್ಸಿನಲ್ಲಿ ಕಳೆದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಇನ್ನೂ ಒಂದು ದಾರಿ ಇದೆ, ಸುಮೇಧಾ ಸರಿ ಮಾಡುತ್ತಾಳೆ ಎಂದು ಅವರು ಗಡಿಯಾರ ನೋಡುತ್ತ ಕೂತರು.

ಏಳು ಹತ್ತಕ್ಕೆ ಸುಮೇಧಾಳಿಂದ ಮೆಸೇಜ್ ಬಂತು: ಸರಿಯಾಯಿತು, ಈಗ ಕೇಳಿ. ರಾಯರು ಹಾರಿಬಿದ್ದು ಫೋನನ್ನು ಪೆಟ್ಟಿಗೆಗೆ ಒರಗಿಸಿದರು. ಸುಜಯೀಂದ್ರ ಆತುರಕ್ಕೆ ಪೆಟ್ಟಿಗೆಯ ಹಿಂದಿನ ವೈರು ಗಟ್ಟಿಯಾಗಿದೆಯೋ ಎಂದು ಒತ್ತಿ ನೋಡಿದ. "ಇವತ್ತು ದ್ವಾದಶಿ," ಎಂದಿತು ಪೆಟ್ಟಿಗೆ ಅದೇ ಇಂಪಿನಿಂದ. "ಪಾರಣೆ ಏಳು ಗಂಟೆ ಐವತ್ತು ನಿಮಿಷದೊಳಗೆ. ಹರೇ ಶ್ರೀನಿವಾಸ."

ಸುಜಯೀಂದ್ರ ಎಲೆ ತರಲು ಓಡಿದ.

"ನಿಲ್ಲೋ," ಎಂದರು ಗೋದಾಬಾಯಿ. "ಅದಕ್ಕೆ ನೀನೇನು ಮಾಡಿದೆ?"

"ನಾನೇನೂ ಮಾಡ್ಲಿಲ್ಲ ಅಮ್ಮ."

"ಹಿಂದುಗಡೆ ಕೈ ಹಾಕಿದ್ದನ್ನ ನಾನು ನೋಡಿದೆ. ಮಡೀಲಿರೋದನ್ನ ಮೈಲಿಗೇಲಿ ಮುಟ್ಟಿದೀಯ. ಅದು ಹೆದರಿ ನಿನಗೆ ಬೇಕಾದ್ದನ್ನ ಹೇಳಿದೆ. ಸ್ನಾನ ಮಾಡಿ ಕೇಳಿದಾಗ ಏನು ಹೇಳಿತೋ ಅದೇ ಸರಿ."

"ಎರಡು ಥರ ಹೇಳೈತಲ್ರಿ ಅಮ್ಮಾರ," ಎಂದರು ಚನ್ನವೀರಪ್ಪ ದೈನ್ಯದಿಂದ.

"ಅದಕ್ಕೇ. ಸಂಶಯ ಬಂತು. ಸಂಶಯ ಬಂದಾಗ ಉಪವಾಸಾನೇ ಮಾಡ್ಬೇಕು. ಬೇಕಾದ್ರೆ ಆಚಾರ್ರನ್ನ ಕರೆಸಿ."

ಆಚಾರ್ಯರು ರಾಯರ ಫೋನ್ ತೆಗೆಯುವಂತಿರಲಿಲ್ಲ. ಚನ್ನವೀರಪ್ಪನವರು ತಮ್ಮ ಫೋನಿನಿಂದ ಮಾಡಿದರು. "ಪೆಟ್ಟಿಗಿ ಕೆಟ್ಟೈತ್ರಿ ಸ್ವಾಮಿ," ಎಂದದ್ದೇ ತಡ, ಎರಡು ಬೀದಿ ಆಚೆ ಇದ್ದ ಆಚಾರ್ಯರು ಎಂಟು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದಿಳಿದರು. ಮುಖದಲ್ಲಿ ಕಳೆ ಇತ್ತು. ಮೂರನೇ ಮಹಡಿ ಹತ್ತಿ ಬಂದು ನಿಂತವರು ಒಂದು ದೀರ್ಘವಾದ ತೇಗು ತೇಗಿದರು. ಆ ತೇಗಿನಲ್ಲಿ ಅಗಸೆ ಸೊಪ್ಪು ಸ್ಪಷ್ಟವಾಗಿತ್ತು.

"ಪಾರಣೆ ಮಾಡಿದಾರೆ," ಎಂದು ಸುಜಯೀಂದ್ರ ಸಾಕ್ಷಿ ಹೇಳಿದ. "ಆಚಾರ್ರೇ ಊಟ ಮಾಡಿ ಬಂದಿದಾರೆ, ಅಮ್ಮ. ಇನ್ನೇನು ಬೇಕು?"

"ಇವತ್ತು ದ್ವಾದಶ್ಯೇ," ಎಂದರು ಆಚಾರ್ಯರು, ಪೆಟ್ಟಿಗೆಯ ಕಡೆ ಓರೆಗಣ್ಣಿನಲ್ಲಿ ನೋಡುತ್ತ. "ಏಳು ಐವತ್ತಕ್ಕೆ ಮುಗಿಯತ್ತೆ. ಇದರಲ್ಲಿ ಸಂಶಯವೇ ಇಲ್ಲ."

"ನಿಮಗಿಲ್ಲ. ನನಗಿದೆ," ಎಂದರು ಗೋದಾಬಾಯಿ. "ನಿಮ್ಮ ಪಂಚಾಂಗ ಹಾಗಂತು, ಮನೇಲಿರೋ ಪೆಟ್ಟಿಗೆ ಹೀಗಂತು. ಸಂಶಯ ಇದ್ದಾಗ ಉಣ್ಣೋದಕ್ಕಿಂತ ಉಪವಾಸ ಮೇಲು ಅಂತ ಹೋದ ಚಾತುರ್ಮಾಸ್ಯದ ಪ್ರವಚನದಲ್ಲಿ ಹೇಳಿದೋರು ಯಾರು?"

ಹೇಳಿದವರು ಗುರುಚರಣಾಚಾರ್ಯರೇ. ಬಹಳ ಚೆನ್ನಾಗಿ ಹೇಳಿದ್ದರು, ಜನ ತಲೆದೂಗಿದ್ದರು. ಪೆಟ್ಟಿಗೆಯ ಸೋಲು ನೋಡಲು ಬಂದವರು ತಮ್ಮದೇ ಪ್ರವಚನದಿಂದ ಸೋತಿದ್ದರು.

ಗಡಿಯಾರದಲ್ಲಿ ಏಳು ಮೂವತ್ತಮೂರು.

ಗೋದಾಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾಲಿಗೆಯಿಂದ ಒಂದು ಸಲ ತುಟಿ ಒದ್ದೆ ಮಾಡಿಕೊಳ್ಳಲು ನೋಡಿದರು, ನಾಲಿಗೆಯೂ ಒಣಗಿತ್ತು. ಇದನ್ನು ನೋಡಿದ್ದು ರಾಯರೊಬ್ಬರೇ. ಅವರು ತಾಯಿಯ ಎದುರು ಹೋಗಿ ನೆಲದ ಮೇಲೆ ಕೂತರು.

"ಅಮ್ಮ, ಬುದ್ಧಿ ಆ ಪೆಟ್ಟಿಗೇಲಿಲ್ಲ."

ಗೋದಾಬಾಯಿ ಕಣ್ಣು ಬಿಟ್ಟರು.

"ಯಾವತ್ತೂ ಇರ್ಲಿಲ್ಲ. ಅದು ಬರೀ ಬಾಗಿಲು. ಮಾತಾಡೋದು ಮುಂಬೈಲಿದೆ. ಇವತ್ತು ಊರೆಲ್ಲ ಒಂದೇ ಸಲ ಕೇಳಿದ್ದಕ್ಕೆ ಅಲ್ಲಿ ಜಾಗ ಇರ್ಲಿಲ್ಲ. ನಿಮ್ಮ ಪ್ರಶ್ನೇನ ಅಮೆರಿಕಾಗೆ ಕಳಿಸಿದಾರೆ. ಸಮುದ್ರ ದಾಟಿಸಿ. ಅಲ್ಲಿ ಇನ್ನೂ ನಿನ್ನೆ ಸಂಜೆ. ಅಲ್ಲೀಗ ಏಕಾದಶಿ. ಅದಕ್ಕೇ ಏಕಾದಶಿ ಅಂತು. ನೀವು ಕೇಳಲ್ಲ ಅಂತ ನಾನೇ ಮನೇಲಿದೆ ಅಂತ ಸುಳ್ಳು ಹೇಳಿದ್ದು. ಇವತ್ತು ದ್ವಾದಶಿ ಅಮ್ಮ. ಊಟ ಮಾಡಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ."

ಸುಜಯೀಂದ್ರ ಹಸಿವು ಮರೆತು ಬಾಯಿ ತೆರೆದ. ಗುರುಚರಣಾಚಾರ್ಯರಿಗೆ ಎರಡು ತಿಂಗಳಿಂದ ಬೇಕಾಗಿದ್ದ ಕ್ಷಣ ಇದು. ಆದರೂ ಅವರು ತಲೆ ತಗ್ಗಿಸಿದರು.

ಗೋದಾಬಾಯಿ ಬಹಳ ಹೊತ್ತು ಮಗನನ್ನು ನೋಡಿದರು. ಗಡಿಯಾರ ಏಳು ಮೂವತ್ತೇಳು ತೋರಿಸುತ್ತಿತ್ತು.

"ಅಲ್ಲಿ ಖಂಡಿತ ಏಕಾದಶೀನೇನೋ?"

"ಖಂಡಿತ ಅಮ್ಮ. ಸಂಜೆ ಆರು ಗಂಟೆ."

"ಹಾಗಾದ್ರೆ ಅದು ಸುಳ್ಳು ಹೇಳಿಲ್ಲ," ಎಂದರು ಗೋದಾಬಾಯಿ. "ತಾನು ಕೂತ ಊರಿಗೆ ಸರಿಯಾಗೇ ಹೇಳಿದೆ. ಅದು ಎಲ್ಲಿ ಕೂತಿದೆ ಅಂತ ಹೇಳಿದೋನು ಸುಳ್ಳು ಹೇಳಿದ್ದು."

ಗೋದಾಬಾಯಿ ಆಚಾರ್ಯರ ಕಡೆ ತಿರುಗಿದರು. "ಆಚಾರ್ರೇ, ನನ್ನ ಪ್ರಶ್ನೆ ಸಮುದ್ರ ದಾಟಿದೆ. ದೋಷ ಇದೆಯಾ?"

ಇದು ಶಾಸ್ತ್ರದಲ್ಲಿ ಹಿಂದೆ ಯಾರೂ ಕೇಳದ ಪ್ರಶ್ನೆ. ಆಚಾರ್ಯರು ಪೆಟ್ಟಿಗೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು, ಆಕೆಯ ಒಣಗಿದ ತುಟಿಯನ್ನು ನೋಡಿದರು. "ದೋಷ ದೇಹ ದಾಟಿದರೆ ತಾನೇ ಅಮ್ಮ. ಪ್ರಶ್ನೆ ಅಲ್ಲಿ ಏನೂ ತಿಂದಿಲ್ಲ, ಕುಡಿದಿಲ್ಲ. ಹೋದ ದಿನ ಅಲ್ಲಿ ಏಕಾದಶಿ ಬೇರೆ. ಉಪವಾಸ ಇದ್ದೇ ವಾಪಸ್ ಬಂದಿದೆ. ಏಳಿ, ತೀರ್ಥ ತಗೊಳ್ಳಿ."

"ಜಯಲಕ್ಷ್ಮೀ, ಎಲೆ ಹಾಕು," ಎಂದರು ಗೋದಾಬಾಯಿ.

ಏಳು ನಲವತ್ತೊಂದಕ್ಕೆ ತೀರ್ಥದ ಮೊದಲ ಹನಿ ಅವರ ಬಾಯಿಗೆ ಬಿತ್ತು. ತಿರುಮಲರಾಯರು ಅದನ್ನು ನೋಡುತ್ತ ನಿಂತವರು ಕಣ್ಣೊರೆಸಿಕೊಂಡರು. ಇಷ್ಟು ಹಗುರವಾಗಿ ಅವರು ರಿಟೈರಾದ ದಿನವೂ ಇರಲಿಲ್ಲ. ಎದುರು ಮನೆಯಲ್ಲಿ ಸಾಸಿವೆ ಸಿಡಿದ ಸದ್ದು ಕೇಳಿಸಿತು. ಚನ್ನವೀರಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದರು.

ರಾಯರು ತಮ್ಮ ಪ್ಲಾಸ್ಟಿಕ್ ಚಾಪೆ ಹಾಸಿಕೊಳ್ಳಲು ಹೋದಾಗ ಸುಜಯೀಂದ್ರ ತಂಬುಳಿ ಸುರಿಯುತ್ತ ಹೇಳಿದ: "ಅಮೆರಿಕಾದಿಂದ ಏಕಾದಶಿ ತರಿಸಿದೋರು ಅದನ್ನ ಆಚರಿಸೋದು ಧರ್ಮ ಅಲ್ವಾ, ಭಾವ? ನಿಮ್ಮ ಪಾಲಿನ ಹಯಗ್ರೀವ ನಾನು ನೋಡ್ಕೋತೀನಿ."

"ಅವನೂ ನಿನ್ನೆಯಿಂದ ನೀರು ಕುಡಿದಿಲ್ಲ. ಸುಮ್ನಿರೋ," ಎಂದರು ಗೋದಾಬಾಯಿ. ಆಮೇಲೆ ಮಗನಿಗೆ, "ಆ ಪೆಟ್ಟಿಗೆ ತೆಗೆದು ಎಲ್ಲಿತ್ತೋ ಅಲ್ಲಿಡು. ನಿನ್ನ ಮಣೆ ತಗೊಂಡು ನೀನು ಕೂತ್ಕೋ," ಎಂದರು.

ಆಚಾರ್ಯರು ಚೀಲದಿಂದ ಪಂಚಾಂಗ ತೆಗೆದು ಗೋಡೆಯ ಹಳೆಯ ಮೊಳೆಗೆ ತೂಗುಹಾಕಿದರು. ಅದನ್ನು ಅವರು ಬರುವಾಗಲೇ ತಂದಿದ್ದರು. ಹೊರಡಲು ನಿಂತವರನ್ನು ಜಯಲಕ್ಷ್ಮೀಯವರು ಹಯಗ್ರೀವಕ್ಕೆ ಕರೆದಾಗ, ದ್ವಾದಶಿ ಮುಗಿಯಲು ಇನ್ನೂ ಐದು ನಿಮಿಷ ಇರುವುದನ್ನು ಖಾತ್ರಿ ಮಾಡಿಕೊಂಡು ಎರಡನೇ ಸಲ ಕೂತರು.

ಗೋದಾಬಾಯಿ ಆ್ಯಪನ್ನು ಬಿಡಲಿಲ್ಲ. ಸುಮೇಧಾ ಆಫೀಸಿನಲ್ಲಿ ಹೇಳಿ ಒಂದು ಬದಲಾವಣೆ ಮಾಡಿಸಿದಳು. ಈಗ ಕೇಳಿದರೆ ಅದು ತಾನು ಯಾವ ಊರಿನಿಂದ ಮಾತಾಡುತ್ತಿದ್ದೇನೆಂದು ಹೇಳುತ್ತದೆ. ಗೋದಾಬಾಯಿ ದಿನವೂ ಮೊದಲು ಕೇಳುವುದು ಅದನ್ನೇ: "ಇವತ್ತು ಯಾವೂರಲ್ಲಿದೀಯಪ್ಪಾ?" ಮುಂಬೈ ಎಂದರೆ ತಿಥಿ ಕೇಳುತ್ತಾರೆ. ಸಮುದ್ರದ ಆಚೆಯ ಊರು ಎಂದರೆ ಬರೀ ಯೋಗಕ್ಷೇಮ ಕೇಳಿ, ಅಲ್ಲಿ ಚಳಿ ಇದೆಯೇ ಎಂದು ವಿಚಾರಿಸಿ ಬಿಟ್ಟುಬಿಡುತ್ತಾರೆ. ತಿಥಿಗೆ ಮಗನನ್ನು ಕರೆದು ಪಂಚಾಂಗ ಓದಿಸುತ್ತಾರೆ.

ಮುಂದಿನ ಗುರುವಾರ ಸಂಜೆ ರಾಯರು ಮಠದಿಂದ ಬರುತ್ತ ಟೀ ಅಂಗಡಿಯ ಮುಂದೆ ನಿಂತಿದ್ದರು. ಕೈಯಲ್ಲಿ ಕಾಗದದ ತುಂಡು, ಅದರ ಮೇಲೆ ಎರಡು ಈರುಳ್ಳಿ ವಡೆ. ಫೋನ್ ಬಂತು. ಮನೆಯಿಂದ.

"ಎಲ್ಲಿದೀಯೋ ತಿರುಮಲ?"

ಮಠದಲ್ಲಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ರಾಯರು ಅದನ್ನು ಅಗಿಯುತ್ತಿದ್ದ ತುತ್ತಿನ ಜೊತೆ ನುಂಗಿದರು.

"ಟೀ ಅಂಗಡಿ ಮುಂದೆ ಅಮ್ಮ. ಈರುಳ್ಳಿ ವಡೆ ತಿಂತಾ ಇದೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪೆಟ್ಟಿಗೆ ಯೋಚಿಸಿದ್ದಕ್ಕಿಂತ ಹೆಚ್ಚು ಹೊತ್ತು.

"ಬಿಸಿಯಾಗಿದೆಯಾ?"

"ಇದೆ ಅಮ್ಮ."

"ಹಾಗಾದ್ರೆ ನಿಂತ್ಕೊಂಡು ತಿನ್ಬೇಡ, ಕೂತು ತಿಂದು ಬಾ. ಬಂದ ಮೇಲೆ ಸ್ನಾನ ಮಾಡು," ಎಂದು ಗೋದಾಬಾಯಿ ಫೋನ್ ಇಟ್ಟರು.

ತಿರುಮಲರಾಯರು ಅಂಗಡಿಯ ಬೆಂಚಿನ ಮೇಲೆ ಕೂತು, ಮೊದಲ ಸಲ ಆ ಕಡೆ ಈ ಕಡೆ ನೋಡದೆ, ಎರಡನೆಯ ವಡೆಯನ್ನು ನಿಧಾನವಾಗಿ ತಿಂದರು. ಆಮೇಲೆ ಇನ್ನೊಂದು ತರಲು ಹೇಳಿದರು.